ಕಣ್ಣಿಗೆ ಕಾಣದ ಹೂಳು

ಹದಿನಾರು ನಂಜನಗೂಡು ತಾಲ್ಲೂಕಿನ ಒಂದು ಊರು. ಊರಿಗೆ ಒಂದು ದೊಡ್ಡ ಕೆರೆ ಇದೆ. ಚಳಿಗಾಲ ಬಂದರೆ ಈ ಕೆರೆಗೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟಿ ಬರುವ ಹಕ್ಕಿಗಳು ಅವು. ಅವನ್ನು ನೋಡಲು ಮೈಸೂರಿನಿಂದಲೂ ಜನ ಬರುತ್ತಾರೆ.

ಕೆರೆ ಏರಿ ಮೇಲೆ ನಿಂತು ನೋಡಿ. ನೀರು ತುಂಬಿದ ಹಾಗೆ ಕಾಣುತ್ತದೆ. ಆದರೆ ಯಾವ ಕೆರೆಯೇ ಆಗಲಿ, ತಳದಲ್ಲಿ ವರ್ಷ ವರ್ಷವೂ ಹೂಳು ಕೂರುತ್ತದೆ. ಮೇಲಿನಿಂದ ಅದು ಕಾಣುವುದಿಲ್ಲ. ಗಳ ಇಳಿಸಿ ಅಳೆದರೆ ಮಾತ್ರ ಗೊತ್ತಾಗುತ್ತದೆ. ಅಳೆಯದೆ ಬಿಟ್ಟರೆ ಒಂದು ಬೇಸಿಗೆಯಲ್ಲಿ ಕೆರೆ ಬೇಗ ಬತ್ತುತ್ತದೆ. ಆಗ ಜನ, "ಮೊನ್ನೆ ತನಕ ಚೆನ್ನಾಗೇ ಇತ್ತಲ್ಲ!" ಅನ್ನುತ್ತಾರೆ.

ನಮ್ಮ ಮೈಯಲ್ಲೂ ಹೀಗೇ ಬರುವ ಒಂದು ಕಾಯಿಲೆ ಇದೆ. ಅದೇ ಕಿಡ್ನಿ ಕಾಯಿಲೆ. ಪುಸ್ತಕದಲ್ಲಿ ಕಿಡ್ನಿಗೆ ಮೂತ್ರಪಿಂಡ ಅನ್ನುತ್ತಾರೆ. ಈ ಕಾಯಿಲೆ ಸದ್ದು ಮಾಡುವುದಿಲ್ಲ. ನೋವು ಕೊಡುವುದಿಲ್ಲ. ಅಳೆದು ನೋಡಿದರೆ ಮಾತ್ರ ಸಿಗುತ್ತದೆ. ಬೇಗ ಸಿಕ್ಕರೆ ತಡೆಯಬಹುದು.

ಒಂದು ಮನೆಯ ಕತೆ

ಈ ಮನೆ ಹದಿನಾರಿನಲ್ಲಿ ಇರಬಹುದು. ತಿ. ನರಸೀಪುರದ ಕಡೆ ಇರಬಹುದು. ನಿಮ್ಮ ಬೀದಿಯಲ್ಲೇ ಇರಬಹುದು.

ಮನೆ ಯಜಮಾನನಿಗೆ 52 ವರ್ಷ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ಆಗಿದೆ. ನೆನಪಾದ ದಿನ ಮಾತ್ರೆ ನುಂಗುತ್ತಾನೆ. ಗದ್ದೆ ಕೆಲಸ ಮಾಡಿ ಸೊಂಟ ಹಿಡಿದರೆ ಅಂಗಡಿಯಿಂದ ನೋವಿನ ಮಾತ್ರೆ ತರುತ್ತಾನೆ. ಹೆಂಡತಿ ಸಂಜೆ ಹೊತ್ತು ಓದು ಬರಹದ ತರಗತಿಗೆ ಹೋಗುತ್ತಾಳೆ. ಈಗ ಅವಳು ಬಸ್ಸಿನ ಬೋರ್ಡು ಓದುತ್ತಾಳೆ. ಪಡಿತರ ಚೀಟಿ ಓದುತ್ತಾಳೆ.

ಒಂದು ದಿನ ಆಶಾ ಅಕ್ಕ ಮನೆಗೆ ಬಂದರು.

"ಅಣ್ಣ, ನಿಮ್ಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ಆಯ್ತು. ಕಿಡ್ನಿ ಪರೀಕ್ಷೆ ಮಾಡಿಸ್ಕೊಂಡಿದ್ದೀರಾ?"

"ನಂಗೇನಾಗದೆ ಕಣವ್ವ? ಮುದ್ದೆ ಉಂಡು ಗದ್ದೆಗೆ ಹೋಯ್ತಾ ಇವ್ನಿ. ಉಚ್ಚೆ ಸಲೀಸಾಗಿ ಹೋಯ್ತದೆ. ಕಿಡ್ನಿ ಚೆನ್ನಾಗದೆ ಬುಡು."

"ಉಚ್ಚೆ ಚೆನ್ನಾಗಿ ಹೋದ್ರೆ ಕಿಡ್ನಿ ಚೆನ್ನಾಗಿದೆ ಅಂತಲ್ಲ ಅಣ್ಣ. ನೀರು ಹೋಗ್ತಿರ್ತದೆ. ನಂಜು ಒಳಗೇ ಉಳೀತಿರ್ತದೆ."

ಯಜಮಾನ ಸುಮ್ಮನಾದ. ಹೆಂಡತಿ ಸುಮ್ಮನಾಗಲಿಲ್ಲ. ಮರುದಿನವೇ ಗಂಡನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಕಿಡ್ನಿ ಎಲ್ಲಿದೆ? ಏನು ಮಾಡುತ್ತದೆ?

ನಮ್ಮ ಬೆನ್ನ ಕಡೆ, ಪಕ್ಕೆಲುಬಿನ ಕೊನೆಯಲ್ಲಿ, ಬೆನ್ನುಮೂಳೆಯ ಎಡಕ್ಕೆ ಒಂದು, ಬಲಕ್ಕೆ ಒಂದು ಕಿಡ್ನಿ ಇದೆ. ನೋಡಲು ಅಲಸಂದೆ ಕಾಳಿನ ಆಕಾರ. ಗಾತ್ರ ನಮ್ಮ ಮುಷ್ಟಿಯಷ್ಟು.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಸಣ್ಣ ಜರಡಿಗಳಿವೆ. ರಕ್ತ ಈ ಜರಡಿಗಳ ಮೂಲಕ ಹಾದು ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ನೀರಿನಂಥ ದ್ರವ ಸೋಸಿ ಇಳಿಯುತ್ತದೆ. ಅದರಲ್ಲಿ ಮೈಗೆ ಬೇಕಾದ್ದನ್ನೆಲ್ಲ ಕಿಡ್ನಿ ವಾಪಸ್ ಕೊಡುತ್ತದೆ. ಬೇಡದ್ದು ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಗೆ ಹೋಗುತ್ತದೆ.

ನಂಜು ಉಂಡವನು ನಂಜುಂಡ ಎಂದು ನಾವು ನಂಜನಗೂಡಿಗೆ ಹೋಗಿ ಕೈ ಮುಗಿಯುತ್ತೇವೆ. ನಮ್ಮ ಮೈಯೊಳಗಿನ ನಂಜನ್ನು ಹಗಲು ರಾತ್ರಿ ಹೊರಗೆ ಹಾಕುವುದು ಈ ಎರಡು ಕಿಡ್ನಿಗಳು.

ಕಿಡ್ನಿಗೆ ಬೇರೆ ಕೆಲಸವೂ ಇದೆ.

ಮೈಯಲ್ಲಿ ನೀರು, ಉಪ್ಪು ಎಷ್ಟಿರಬೇಕೋ ಅಷ್ಟು ಇಡುತ್ತದೆ.
ರಕ್ತದ ಒತ್ತಡ, ಅಂದರೆ ಬಿ.ಪಿ.ಯನ್ನು ಹದದಲ್ಲಿ ಇಡುತ್ತದೆ.
ಹೊಸ ರಕ್ತ ಆಗಲು ಸಹಾಯ ಮಾಡುತ್ತದೆ.
ಮೂಳೆ ಗಟ್ಟಿಯಾಗಲು ಸಹಾಯ ಮಾಡುತ್ತದೆ.

ಅದಕ್ಕೇ ಕಿಡ್ನಿ ಕೆಟ್ಟವರಿಗೆ ರಕ್ತ ಕಡಿಮೆ ಆಗುತ್ತದೆ. ಮೂಳೆ ಸವೆಯುತ್ತದೆ. ಬಿ.ಪಿ. ಏರುತ್ತದೆ.

ಕಿಡ್ನಿ ಯಾಕೆ ಕೆಡುತ್ತದೆ?

ಮೊದಲ ಕಾರಣ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಜರಡಿಗಳು ಒಂದೊಂದಾಗಿ ಹಾಳಾಗುತ್ತವೆ.

ಎರಡನೆಯ ಕಾರಣ ಬಿ.ಪಿ. ಕಾಲುವೆಯಲ್ಲಿ ನೀರು ರಭಸವಾಗಿ ನುಗ್ಗಿದರೆ ದಂಡೆ ಕೊರೆಯುತ್ತದೆ. ರಕ್ತದ ಒತ್ತಡ ಹೆಚ್ಚಾದರೆ ಕಿಡ್ನಿಯ ಸಣ್ಣ ರಕ್ತನಾಳಗಳೂ ಹಾಗೇ ಹಾಳಾಗುತ್ತವೆ.

ಮೂರನೆಯದು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಂಬ ಮಾತ್ರೆಗಳನ್ನು ನಮ್ಮ ಕಡೆ ತುಂಬಾ ಜನ ನುಂಗುತ್ತಾರೆ. ನಾಟಿ ಮಾಡಿ ಸೊಂಟ ನೋವು ಬಂದರೆ ಒಂದು. ಕಬ್ಬು ಕಡಿದು ತೋಳು ನೋವು ಬಂದರೆ ಒಂದು. ವೈದ್ಯರನ್ನು ಕೇಳದೆ ದಿನಾ ನುಂಗಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಸಕ್ಕರೆ, ಬಿ.ಪಿ. ಇರುವವರಿಗೆ ಇನ್ನೂ ಅಪಾಯ. ಮಾತ್ರೆ ಹಾಳೆಯ ಮೇಲೆ ಹೆಸರು ಬರೆದಿರುತ್ತದೆ. ಹೆಸರು ಇಂಗ್ಲಿಷಿನಲ್ಲಿದ್ದರೆ ಅಂಗಡಿಯವರನ್ನೇ ಕೇಳಿ: "ಇದು ಕಿಡ್ನಿಗೆ ಪೆಟ್ಟು ಕೊಡೋ ಮಾತ್ರೆಯಾ?"

ಇನ್ನೂ ಕೆಲವು ಕಾರಣಗಳಿವೆ. ಮೂತ್ರದ ದಾರಿಯಲ್ಲಿ ಕಲ್ಲು ಕಟ್ಟಿಕೊಳ್ಳುವುದು. ವಯಸ್ಸಾದ ಗಂಡಸರಿಗೆ ಮೂತ್ರದ ದಾರಿ ಬಿಗಿಯುವುದು. ಕಿಡ್ನಿಗೇ ಬರುವ ಉರಿಯೂತ. ಕೆಲವು ಮನೆತನದಲ್ಲಿ ಹುಟ್ಟಿನಿಂದ ಬರುವ ಕಾಯಿಲೆ. ಪಾದರಸ, ಸೀಸ ಸೇರಿದ ಕೆಲವು ಪುಡಿ, ಭಸ್ಮಗಳೂ ಕಿಡ್ನಿ ಕೆಡಿಸುತ್ತವೆ. ಏನು ಹಾಕಿದ್ದಾರೆ ಎಂದು ಗೊತ್ತಿಲ್ಲದ ಔಷಧ ತಿನ್ನಬೇಡಿ.

ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯಲ್ಲಿ ಉದ್ದಾನಂ ಎಂಬ ಸೀಮೆ ಇದೆ. ಅಲ್ಲಿ ಸಕ್ಕರೆ, ಬಿ.ಪಿ. ಇಲ್ಲದ ರೈತರಿಗೆ, ಕೂಲಿಯವರಿಗೂ ಕಿಡ್ನಿ ಕಾಯಿಲೆ ಬಂದಿದೆ. ಕಾರಣ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಹೊರದೇಶಗಳಲ್ಲಿ ಕಬ್ಬು ಕಡಿಯುವ ಕೂಲಿಯವರಿಗೂ ಹೀಗೆ ಆಗಿದೆ. ಉರಿಬಿಸಿಲಲ್ಲಿ ನೀರು, ನೆರಳು ಇಲ್ಲದೆ ದುಡಿಯುವುದೂ ಒಂದು ಕಾರಣ ಇರಬಹುದು ಎಂದು ವಿಜ್ಞಾನಿಗಳು ಹೇಳುತ್ತಾರೆ. ಗದ್ದೆ ಕೆಲಸಕ್ಕೆ ಹೋಗುವವರು ಶುದ್ಧ ನೀರು ಕೊಂಡೊಯ್ಯಬೇಕು. ಆಗಾಗ ಕುಡಿಯಬೇಕು. ನಡು ಮಧ್ಯಾಹ್ನ ನೆರಳಲ್ಲಿ ಕೂರಬೇಕು.

ಗೊತ್ತಾಗುವುದು ಯಾಕೆ ತಡ?

ಕಿಡ್ನಿ ಬಲು ತಾಳ್ಮೆಯದು. ಅರ್ಧದಷ್ಟು ಜರಡಿ ಹಾಳಾದರೂ ಉಳಿದ ಅರ್ಧ ಎಲ್ಲ ಕೆಲಸ ಹೊತ್ತುಕೊಳ್ಳುತ್ತದೆ. ಮನುಷ್ಯ ಊಟ ಮಾಡುತ್ತಾನೆ. ಕೆಲಸ ಮಾಡುತ್ತಾನೆ. ಏನೂ ಗೊತ್ತಾಗುವುದಿಲ್ಲ.

ಕಾಯಿಲೆ ಮುಂದೆ ಹೋದ ಮೇಲೆ ಈ ಗುರುತುಗಳು ಕಾಣುತ್ತವೆ.

1. ಕಾಲು, ಮುಖ ಊದುವುದು. ಬೆಳಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುವುದು.
2. ಮೂತ್ರದಲ್ಲಿ ನೊರೆ ಬಂದು ನಿಲ್ಲುವುದು.
3. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು.
4. ಸುಸ್ತು. ನಡೆದರೆ ಏದುಸಿರು.
5. ಊಟ ಸೇರದಿರುವುದು. ವಾಕರಿಕೆ.
6. ಮೈ ತುರಿಕೆ.

ಈ ಗುರುತು ಬರುವವರೆಗೆ ಕಾಯಬೇಡಿ. ಆಗ ಹೂಳು ತುಂಬಾ ತುಂಬಿರುತ್ತದೆ.

ಚೀಟಿ ಓದೋಣ

ಆರೋಗ್ಯ ಕೇಂದ್ರದಲ್ಲಿ ಯಜಮಾನನ ಬಿ.ಪಿ. ನೋಡಿದರು. ರಕ್ತ ತೆಗೆದರು. ಮೂತ್ರ ತೆಗೆದುಕೊಂಡರು. ಎರಡು ದಿನ ಬಿಟ್ಟು ಚೀಟಿ ಕೊಟ್ಟರು. ಹೆಂಡತಿ ಚೀಟಿಯನ್ನು ಕೈಯಲ್ಲಿ ಹಿಡಿದು ಅಂಕಿಗಳನ್ನು ಒಂದೊಂದಾಗಿ ಓದಿದಳು. ವೈದ್ಯರು ಅರ್ಥ ಹೇಳಿದರು.

ಬಿ.ಪಿ. 160/100. ಕಿಡ್ನಿ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಇದು 130/80ರ ಒಳಗೆ ಇರಬೇಕು. ನಿಮಗೆ ಎಷ್ಟಿರಬೇಕು ಎಂದು ವೈದ್ಯರನ್ನೇ ಕೇಳಿ.

ಮೂತ್ರದಲ್ಲಿ ಆಲ್ಬುಮಿನ್. ಇದು ರಕ್ತದಲ್ಲಿ ಇರಬೇಕಾದ ಸತ್ವ. ಜರಡಿ ಹರಿದರೆ ಹಿಟ್ಟಿನ ಜೊತೆ ತೌಡೂ ಬೀಳುವ ಹಾಗೆ, ಈ ಸತ್ವ ಮೂತ್ರಕ್ಕೆ ಸೋರುತ್ತದೆ. ಯಜಮಾನನ ಚೀಟಿಯಲ್ಲಿ ಇದರ ಮುಂದೆ ಎರಡು ಕೂಡು ಗುರುತು ಇತ್ತು. ಅಂದರೆ ಸೋರಿಕೆ ಇದೆ.

ಕ್ರಿಯಾಟಿನಿನ್ 1.8. ಇದು ರಕ್ತದಲ್ಲಿರುವ ಕಸದ ಅಳತೆ. ಸಾಮಾನ್ಯವಾಗಿ ಇದು 1.2ರ ಒಳಗಿರುತ್ತದೆ. ಹೆಂಗಸರಿಗೆ ಇನ್ನೂ ಸ್ವಲ್ಪ ಕಡಿಮೆ. ಕಿಡ್ನಿ ಸೋಸದಿದ್ದರೆ ಈ ಅಂಕಿ ಏರುತ್ತದೆ.

ಇ.ಜಿ.ಎಫ್.ಆರ್. 45. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಅಂಕಿ ಇದು. ಇದು ಇಳಿದಷ್ಟೂ ಕಷ್ಟ. 90ಕ್ಕಿಂತ ಮೇಲಿದ್ದರೆ ಒಳ್ಳೆಯದು. 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. 15ಕ್ಕಿಂತ ಕೆಳಗಿಳಿದರೆ ಕಿಡ್ನಿ ಸೋತಿದೆ ಎಂದು ಅರ್ಥ.

"ಡಾಕ್ಟ್ರೇ, ಇದು ವಾಸಿ ಆಯ್ತದಾ?" ಎಂದು ಹೆಂಡತಿ ಕೇಳಿದಳು.

"ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣಮ್ಮ. ಕೆಟ್ಟು ಹೋದ ಜರಡಿ ಮತ್ತೆ ಹುಟ್ಟೋದಿಲ್ಲ. ಆದ್ರೆ ಉಳಿದಿರೋದನ್ನ ಕಾಪಾಡಬಹುದು. ಚೆನ್ನಾಗಿ ನೋಡ್ಕೊಂಡ್ರೆ ಇದೇ ಕಿಡ್ನಿಯಲ್ಲಿ ಎಷ್ಟೋ ವರ್ಷ ಬದುಕಬಹುದು."

ಉಳಿದದ್ದನ್ನು ಕಾಪಾಡುವುದು ಹೇಗೆ?

ಮಾತ್ರೆ: ಸಕ್ಕರೆ ಮಾತ್ರೆ, ಬಿ.ಪಿ. ಮಾತ್ರೆ ದಿನಾ ತೆಗೆದುಕೊಳ್ಳಬೇಕು. ಮೈ ಹಗುರಾಯಿತು ಎಂದು ಬಿಡಬಾರದು. ಟೆಲ್ಮಿಸಾರ್ಟನ್, ಎನಾಲಾಪ್ರಿಲ್‌ನಂಥ ಬಿ.ಪಿ. ಮಾತ್ರೆಗಳು ಮೂತ್ರದ ಸೋರಿಕೆಯನ್ನೂ ತಗ್ಗಿಸುತ್ತವೆ. ಡಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಯೂ ಕಿಡ್ನಿ ಕೆಡುವುದನ್ನು ನಿಧಾನ ಮಾಡುತ್ತದೆ. ಯಾರಿಗೆ ಯಾವುದು ಎಂದು ವೈದ್ಯರೇ ಹೇಳಬೇಕು. ಪಕ್ಕದ ಮನೆಯವರ ಮಾತ್ರೆ ನಿಮಗೆ ಆಗುವುದಿಲ್ಲ. ವಾಂತಿ, ಭೇದಿ ಆದಾಗ ಕೂಡಲೇ ವೈದ್ಯರಿಗೆ ಹೇಳಿ. ಆಗ ಕೆಲವು ಮಾತ್ರೆಗಳನ್ನು ಸ್ವಲ್ಪ ದಿನ ನಿಲ್ಲಿಸಬೇಕಾಗಬಹುದು. ಜನೌಷಧಿ ಅಂಗಡಿಯಲ್ಲಿ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ.

ಉಪ್ಪು: ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಸಾಕು. ಅಂದರೆ ಒಂದು ಟೀ ಚಮಚ. ಸಾರು, ಪಲ್ಯ, ಮಜ್ಜಿಗೆ ಎಲ್ಲ ಸೇರಿ ಇಷ್ಟೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಅಂಗಡಿ ಖಾರ ಇವುಗಳಲ್ಲಿ ಉಪ್ಪು ತುಂಬಾ. ಇವನ್ನು ದೂರ ಇಡಿ. ಸೈಂಧವ ಲವಣವೂ ಉಪ್ಪೇ. "ಸೋಡಿಯಂ ಕಡಿಮೆ" ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ನೀರು: "ನೀರು ಜಾಸ್ತಿ ಕುಡಿದ್ರೆ ಕಿಡ್ನಿ ತೊಳೆದು ಹೋಯ್ತದೆ" ಎಂದು ಹೇಳುವವರಿದ್ದಾರೆ. ಅದು ಎಲ್ಲರಿಗೂ ಸರಿಯಲ್ಲ. ಕಾಲು ಊದಿದವರಿಗೆ, ಮೂತ್ರ ಕಡಿಮೆ ಆದವರಿಗೆ ನೀರು ಹೆಚ್ಚಾದರೆ ಅದು ಶ್ವಾಸಕೋಶದಲ್ಲಿ ನಿಂತು ಉಸಿರು ಕಟ್ಟುತ್ತದೆ. ಅಂಥವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ಹಣ್ಣು, ಎಳನೀರು: ಎಳನೀರು ತಂಪು, ಕಿಡ್ನಿಗೆ ಒಳ್ಳೆಯದು ಎಂದು ನೆಂಟರು ತಂದು ಕೊಡುತ್ತಾರೆ. ನಂಜನಗೂಡು ರಸಬಾಳೆಯಂತೂ ನಮ್ಮ ಸೀಮೆಯ ಹೆಮ್ಮೆ. ಆರೋಗ್ಯವಂತರು ತಿನ್ನಲಿ. ಆದರೆ ಎಳನೀರು, ಬಾಳೆಹಣ್ಣು ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ತುಂಬಾ ಸೋತವರ ಮೈಯಿಂದ ಅದು ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯ ನಿಂತು ಹೋಗಬಹುದು. ಆದ್ದರಿಂದ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ಕೇಳಿ. ಹೆಚ್ಚಿದ್ದರೆ ಇವನ್ನು ಬಿಡಿ. ತರಕಾರಿಯನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ. ಐದು ಏಣಿನ ಧಾರೆಹುಳಿ ಹಣ್ಣನ್ನು ಕಿಡ್ನಿ ಕಾಯಿಲೆ ಇದ್ದವರು ತಿನ್ನಲೇಬಾರದು. ಅದು ಅವರಿಗೆ ವಿಷ.

ಬೇಳೆ, ಮೊಟ್ಟೆ, ಮಾಂಸ: ಹದವಾಗಿ ತಿನ್ನಬೇಕು. ಪೂರ್ತಿ ಬಿಟ್ಟು ಸೊರಗಬಾರದು. ಮುದ್ದೆ, ಅನ್ನ ಎಷ್ಟು, ಕಾಳು ಎಷ್ಟು ಎಂದು ವೈದ್ಯರನ್ನು ಕೇಳಿ.

ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಿ. ದಿನಾ ಅರ್ಧ ಗಂಟೆ ನಡೆಯಿರಿ.

ಕಿಡ್ನಿ ಪೂರ್ತಿ ಸೋತರೆ?

ಆಗ ಎರಡು ದಾರಿ ಇವೆ.

ಮೊದಲನೆಯದು ಡಯಾಲಿಸಿಸ್. ಯಂತ್ರದ ಮೂಲಕ ರಕ್ತ ಸೋಸುವುದು. ಹಾಲೆಂಡಿನ ವೈದ್ಯ ವಿಲ್ಲೆಮ್ ಕೋಲ್ಫ್ 1943ರಲ್ಲಿ ಈ ಯಂತ್ರವನ್ನು ರೋಗಿಗೆ ಮೊದಲು ಬಳಸಿದರು. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ ಬೇಕು. ಇದಕ್ಕೆ ಮೊದಲೇ ತೋಳಿನಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ರಕ್ತನಾಳ ಜೋಡಿಸುತ್ತಾರೆ. ಆ ತೋಳಿಗೆ ಬೇರೆ ಸೂಜಿ ಚುಚ್ಚಿಸಬಾರದು. ಬಿ.ಪಿ. ನೋಡಿಸಬಾರದು. ಭಾರ ಹೊರಬಾರದು.

ಮೊದಲು ಡಯಾಲಿಸಿಸ್ ಅಂದರೆ ದೊಡ್ಡ ಊರಿಗೇ ಹೋಗಬೇಕಿತ್ತು. ಹೊಲ ಮಾರಿದ ಮನೆಗಳಿವೆ. ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿತು. ಈಗ ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಈ ಯಂತ್ರಗಳು ಬಂದಿವೆ. ಬಿ.ಪಿ.ಎಲ್. ಕಾರ್ಡು ಇದ್ದವರಿಗೆ ಉಚಿತ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಸಾಲ ಮಾಡುವ ಮೊದಲು, ಒಡವೆ ಅಡ ಇಡುವ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಕಿಡ್ನಿ ಕಾಯಿಲೆಗೆಂದೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ.

ಎರಡನೆಯದು ಬೇರೆ ಕಿಡ್ನಿ ಜೋಡಿಸುವುದು. 1954ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಒಬ್ಬ ತನ್ನ ಅವಳಿ ಸೋದರನಿಗೆ ಕಿಡ್ನಿ ಕೊಟ್ಟ. ಹೀಗೆ ಜೋಡಿಸಿ ಗೆದ್ದದ್ದು ಅದೇ ಮೊದಲು. ಆರೋಗ್ಯವಂತರು ಒಂದೇ ಕಿಡ್ನಿಯಲ್ಲಿ ಬದುಕಬಹುದು. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಗಂಡ ಅಥವಾ ಹೆಂಡತಿ, ಅಜ್ಜ, ಅಜ್ಜಿ ಕಿಡ್ನಿ ಕೊಡಬಹುದು. ಮೆದುಳು ಸತ್ತವರ ಮನೆಯವರು ಒಪ್ಪಿದರೆ ಅವರ ಕಿಡ್ನಿಯೂ ಇನ್ನೊಬ್ಬರ ಜೀವ ಉಳಿಸುತ್ತದೆ. ನಮ್ಮ ರಾಜ್ಯದಲ್ಲಿ ಈ ಕೆಲಸ ನೋಡುವ ಸರ್ಕಾರಿ ಸಂಸ್ಥೆಯ ಹೆಸರು ಜೀವಸಾರ್ಥಕತೆ.

ಒಂದು ಎಚ್ಚರಿಕೆ. ಕಿಡ್ನಿ ಮಾರುವುದು, ಕೊಳ್ಳುವುದು ಅಪರಾಧ. 1994ರ ಕಾನೂನು ಹೀಗೆ ಹೇಳುತ್ತದೆ. "ಸಾಲ ತೀರಿಸ್ತೀವಿ, ಕಿಡ್ನಿ ಕೊಡು" ಎಂದು ಬರುವ ದಲ್ಲಾಳಿಗಳನ್ನು ನಂಬಬೇಡಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಆ ಮನೆ ಈಗ ಹೇಗಿದೆ?

ಯಜಮಾನನ ಹೆಂಡತಿ ಒಂದು ನೋಟ್ ಬುಕ್ ಇಟ್ಟಿದ್ದಾಳೆ. ತರಗತಿಯಲ್ಲಿ ಅಕ್ಷರ ತಿದ್ದಿದ ಅದೇ ಪುಸ್ತಕ. ಕೊನೆ ಹಾಳೆಯಲ್ಲಿ ಗೆರೆ ಎಳೆದಿದ್ದಾಳೆ. ದಿನಾಂಕ, ಬಿ.ಪಿ., ಸಕ್ಕರೆ, ಕ್ರಿಯಾಟಿನಿನ್ ಎಂದು ಬರೆದಿದ್ದಾಳೆ. ಆಸ್ಪತ್ರೆಗೆ ಹೋದಾಗಲೆಲ್ಲ ಅಂಕಿ ತುಂಬುತ್ತಾಳೆ.

ಮೂರು ತಿಂಗಳಿಗೆ ಕ್ರಿಯಾಟಿನಿನ್ 1.8. ಆರು ತಿಂಗಳಿಗೆ 1.8. ವರ್ಷಕ್ಕೆ 1.9.

"ಕಮ್ಮಿ ಆಗ್ಲಿಲ್ವಲ್ಲ ಡಾಕ್ಟ್ರೇ," ಅಂದಳು.

"ಹೆಚ್ಚು ಕಡಿಮೆ ಅಲ್ಲೇ ನಿಂತಿದೆಯಲ್ಲಮ್ಮ, ಅದೇ ಗೆಲುವು. ಬಿ.ಪಿ. ನೋಡಿ, 128/78 ಆಗಿದೆ."

ಯಜಮಾನ ಈಗ ನೋವಿನ ಮಾತ್ರೆ ತರುವುದಿಲ್ಲ. ಸೊಂಟ ನೋವು ಬಂದರೆ ಬಿಸಿ ಶಾಖ ಕೊಡಿಸಿಕೊಳ್ಳುತ್ತಾನೆ. ಉಪ್ಪಿಲ್ಲದ ಸಾರಿಗೆ ಗೊಣಗುತ್ತಾನೆ. ಆದರೂ ಉಣ್ಣುತ್ತಾನೆ. ಗದ್ದೆಗೆ ಹೋಗುತ್ತಾನೆ.

"ನೀನು ಆವತ್ತು ಎಳ್ಕೊಂಡು ಹೋಗದೆ ಇದ್ದಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ ಕಣೆ," ಅನ್ನುತ್ತಾನೆ.

ನೆನಪಿಡಿ

ಸಕ್ಕರೆ, ಬಿ.ಪಿ. ಇರುವವರು ವರ್ಷಕ್ಕೆ ಒಂದು ಸಲವಾದರೂ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ನೋಡಿಸಿ.
30 ವರ್ಷ ದಾಟಿದ ಎಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ನೋಡಿಸಿ. ಅಲ್ಲಿ ಉಚಿತ.
ನೋವಿನ ಮಾತ್ರೆ ನೀವೇ ತಂದು ನುಂಗಬೇಡಿ.
ಚೀಟಿ ಎಸೆಯಬೇಡಿ. ಹಳೆಯ ಅಂಕಿ, ಹೊಸ ಅಂಕಿ ಪಕ್ಕ ಪಕ್ಕ ಇಟ್ಟು ಓದಿ.
ಅರ್ಥವಾಗದಿದ್ದರೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಹೇಳಿ ನೋಡೋಣ

1. ಮೂತ್ರ ಸಲೀಸಾಗಿ ಹೋದರೆ ಕಿಡ್ನಿ ಚೆನ್ನಾಗಿದೆ ಎಂದು ಹೇಳಬಹುದೇ? ಯಾಕೆ?
2. ಕಿಡ್ನಿ ಕೆಡಲು ಮುಖ್ಯವಾದ ಎರಡು ಕಾರಣ ಯಾವುವು?
3. ನಿಮ್ಮ ಮನೆಯಲ್ಲಿ ಯಾರಿಗೆ ಸಕ್ಕರೆ, ಬಿ.ಪಿ. ಇದೆ? ಅವರ ಕೊನೆಯ ಚೀಟಿ ಎಲ್ಲಿದೆ? ಹುಡುಕಿ ತನ್ನಿ. ಅದರಲ್ಲಿರುವ ಅಂಕಿಗಳನ್ನು ತರಗತಿಯಲ್ಲಿ ಓದಿ.